ಮನಸ್ಸು ಕುಸಿಯದಿರಲು ಮೊದಲು ಬೇಕಾದ್ದು ಸರ್ಕಾರದ ಆಸರೆಯೇ? ಪರ-ವಿರೋಧ

ಕೆಲಸ ಹೋದರೆ ಭತ್ಯೆ, ವಯಸ್ಸಾದರೆ ಪಿಂಚಣಿ, ಕಾಯಿಲೆ ಬಿದ್ದರೆ ವಿಮೆ, ದುಡಿಯಲು ಆಗದವರಿಗೆ ತಿಂಗಳ ಹಣ. ಇವನ್ನೆಲ್ಲ ಸೇರಿಸಿ ಸಾಮಾಜಿಕ ಭದ್ರತೆ ಎನ್ನುತ್ತೇವೆ. ಇದರ ಚರ್ಚೆ ಬಂದಾಗ ಹೊಟ್ಟೆ, ಬಟ್ಟೆ, ಆಸ್ಪತ್ರೆಯ ಮಾತು ಬರುತ್ತದೆ. ಮನಸ್ಸಿನ ಮಾತು ಬರುವುದು ಕಡಿಮೆ. ಮಾನಸಿಕ ಆರೋಗ್ಯದ ಚರ್ಚೆ ಬಂದಾಗ ಇದು ಉಲ್ಟಾ. ಅಲ್ಲಿ ಮಾತ್ರೆ, ಆಪ್ತಸಮಾಲೋಚನೆ, ಧ್ಯಾನ, ನಿದ್ದೆ ಎಲ್ಲ ಬರುತ್ತವೆ. ಮನೆ ಬಾಡಿಗೆಯ ಮಾತು ಮಾತ್ರ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನ ಪ್ರತಿ 8 ಜನರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಸರ್ಕಾರಗಳು ಆರೋಗ್ಯಕ್ಕೆ ಎತ್ತಿಡುವ ಹಣದಲ್ಲಿ ಇದರ ಪಾಲು ಹೆಚ್ಚುಕಡಿಮೆ ಶೇ 2. ಹಣ ಇಷ್ಟು ಕಡಿಮೆ ಇರುವಾಗ ಯಾವುದು ಮೊದಲು ಎಂದು ಕೇಳಲೇಬೇಕು. ಜನರಿಗೆ ಆದಾಯದ ಭರವಸೆ ಕೊಡುವುದು ಮೊದಲೋ? ಇಲ್ಲಾ, ಮನುಷ್ಯರ ಒಡನಾಟ, ಕೆಲಸ, ಆರೈಕೆ ಇವನ್ನು ಕಟ್ಟುವುದು ಮೊದಲೋ? ಎರಡೂ ಬೇಕು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದಕ್ಕೇ ಎರಡು ಬದಿಯನ್ನೂ, ಆಯಾ ಬದಿಯನ್ನು ಪೂರ್ತಿ ನಂಬಿದವರು ವಾದಿಸುವ ಹಾಗೆ, ಬೇರೆ ಬೇರೆಯಾಗಿ ಬರೆದಿದ್ದೇನೆ. ನನ್ನ ಒಲವು ಪರದ ಕಡೆಗೇ ಸ್ವಲ್ಪ ಜಾಸ್ತಿ. ಆದರೆ ವಿರೋಧದಲ್ಲಿ ಬರುವ ನಿರಾಶ್ರಿತರ ಶಿಬಿರದ ಪ್ರಯೋಗಕ್ಕೆ ಪರದವರ ಹತ್ತಿರ ಪೂರ್ತಿ ಉತ್ತರ ಇದೆ ಅಂತ ನನಗೆ ಅನ್ನಿಸುವುದಿಲ್ಲ.

ಪರ: ಮೊದಲು ನಾಳೆಯ ಭಯ ಇಳಿಯಲಿ

2008ರಲ್ಲಿ ಅಮೆರಿಕದ ಒರೆಗಾನ್ ರಾಜ್ಯ ಬಡವರ ಆರೋಗ್ಯ ವಿಮೆಗೆ ಹೊಸಬರನ್ನು ಸೇರಿಸಿಕೊಳ್ಳಲು ಹೊರಟಿತು. ಸುಮಾರು 90 ಸಾವಿರ ಜನ ಹೆಸರು ಕೊಟ್ಟರು. ಎಲ್ಲರಿಗೂ ಕೊಡುವಷ್ಟು ಹಣ ಇರಲಿಲ್ಲ. ಹಾಗಾಗಿ ಲಾಟರಿ ಎತ್ತಿದರು. ಸರ್ಕಾರಕ್ಕೆ ಅದು ಅನಿವಾರ್ಯವಾಗಿತ್ತು, ಸಂಶೋಧಕರಿಗೆ ಒಳ್ಳೆಯ ಅವಕಾಶವಾಯಿತು. ಒಂದೇ ತರಹದ ಬಡತನ, ಒಂದೇ ತರಹದ ಕಾಯಿಲೆಗಳು. ವ್ಯತ್ಯಾಸ ಚೀಟಿ ಎತ್ತಿದ್ದರಲ್ಲಿ ಮಾತ್ರ.

ಸುಮಾರು 2 ವರ್ಷದ ನಂತರ ಎರಡೂ ಗುಂಪನ್ನು ಪರೀಕ್ಷೆ ಮಾಡಿದರು. ರಕ್ತದೊತ್ತಡದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೊಲೆಸ್ಟ್ರಾಲ್ ಹಾಗೇ ಇತ್ತು. ಸಕ್ಕರೆಯ ಮಟ್ಟವೂ ಹಾಗೇ. ಖಿನ್ನತೆ ಮಾತ್ರ ಇಳಿದಿತ್ತು, ಅದೂ ಸುಮಾರು ಶೇ 30ರಷ್ಟು. ವಿಮೆ ಕೊಟ್ಟದ್ದು ದೇಹಕ್ಕೆ, ಗುಣ ಕಂಡದ್ದು ಮನಸ್ಸಿನಲ್ಲಿ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಕಂಡುಬಂತು. ವಿಮೆ ಸಿಕ್ಕವರ ಮನೆಗಳಲ್ಲಿ ಆದಾಯದ ದೊಡ್ಡ ಪಾಲನ್ನೇ ನುಂಗುವಂಥ ಆಸ್ಪತ್ರೆಯ ಖರ್ಚು ಹೆಚ್ಚುಕಡಿಮೆ ಇಲ್ಲವಾಗಿತ್ತು. ಈ ಎರಡನ್ನೂ ಜೋಡಿಸಿ ನೋಡಿ. ಮಗುವಿಗೆ ಜ್ವರ ಬಂದರೆ ಏನು ಗತಿ ಎಂಬ ಭಯ ಇಳಿದ ಮನೆಯಲ್ಲಿ ಜನ ಹಗುರಾಗುತ್ತಾರೆ, ಅಲ್ವಾ?

ಬಡತನದ ನೋವು ಎಂದರೆ ವಸ್ತುಗಳ ಕೊರತೆ ಎಂದುಕೊಳ್ಳುತ್ತೇವೆ. ಅದರ ಬಹುಪಾಲು ಮುಂದೇನು ಎಂಬ ಭಯ. ತಿಂಗಳ ಕೊನೆಯ ವಾರ ಬಂತೆಂದರೆ ಫೋನು ರಿಂಗಾದಾಗಲೆಲ್ಲ ಸಾಲ ಕೊಟ್ಟವನೇ ಇರಬೇಕು ಎಂದು ಎದೆ ಧಸಕ್ಕೆನ್ನುತ್ತದೆ. ಬಾಗಿಲು ಬಡಿದ ಸದ್ದಾದರೆ ಮನೆಯವರೆಲ್ಲ ಮಾತು ನಿಲ್ಲಿಸುತ್ತಾರೆ. ರಾತ್ರಿ ಮಲಗಿದಾಗ ತಲೆಯಲ್ಲಿ ಅದೇ ಲೆಕ್ಕ. ಇದಕ್ಕೆ ಅಷ್ಟು ಕೊಟ್ಟರೆ ಅದಕ್ಕೆಷ್ಟು ಉಳಿಯಿತು, ಅದನ್ನು ಮುಂದಕ್ಕೆ ಹಾಕಿದರೆ ಇದು ಆಗುತ್ತದೆಯೇ. ಈ ಲೆಕ್ಕ ವರ್ಷಗಟ್ಟಲೆ ನಡೆದರೆ ಎಂಥ ಗಟ್ಟಿ ಮನುಷ್ಯನಾದರೂ ಸೋಲುತ್ತಾನೆ. ಅವನ ಮುಂದೆ ಕೂತು ಉಸಿರಾಟದ ಮೇಲೆ ಗಮನವಿಡಿ ಎಂದರೆ ಏನು ಪ್ರಯೋಜನ? ಅವನ ಆತಂಕ ಭ್ರಮೆಯಲ್ಲ. ಬಾಡಿಗೆ ನಿಜವಾಗಿಯೂ ಬಾಕಿ ಇದೆ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಜೇನ್ ಕಾಸ್ಟೆಲೊ ಎಂಬ ಸಂಶೋಧಕಿ ಮತ್ತು ಜೊತೆಗಾರರು 1993ರಿಂದ 1,420 ಮಕ್ಕಳ ಮಾನಸಿಕ ಆರೋಗ್ಯವನ್ನು ವರ್ಷ ವರ್ಷ ಗಮನಿಸುತ್ತಿದ್ದರು. ಅವರಲ್ಲಿ ಸುಮಾರು ಕಾಲು ಭಾಗ ಮೂಲನಿವಾಸಿ ಮಕ್ಕಳು. ಅಧ್ಯಯನ ನಡೆಯುತ್ತಿರುವಾಗಲೇ ಚೆರೋಕೀ ಎಂಬ ಮೂಲನಿವಾಸಿ ಬುಡಕಟ್ಟಿನ ನೆಲದಲ್ಲಿ ಒಂದು ಕ್ಯಾಸಿನೊ, ಅಂದರೆ ಜೂಜುಕಟ್ಟೆ, ತೆರೆಯಿತು. ಲಾಭದ ಒಂದು ಪಾಲು ಬುಡಕಟ್ಟಿನ ಪ್ರತಿಯೊಬ್ಬರಿಗೂ ಹೋಗತೊಡಗಿತು. ಯಾರೂ ಅರ್ಜಿ ಹಾಕಲಿಲ್ಲ, ಯಾರೂ ಅರ್ಹತೆ ಕೇಳಲಿಲ್ಲ. ಕೆಲವು ಕುಟುಂಬಗಳು ಬಡತನದಿಂದ ಮೇಲೆ ಬಂದವು. 4 ವರ್ಷದಲ್ಲಿ ಆ ಮನೆಗಳ ಮಕ್ಕಳ ಹಠ, ಜಗಳ, ಪುಂಡಾಟದಂಥ ತೊಂದರೆಗಳು ಯಾವತ್ತೂ ಬಡತನ ಕಾಣದ ಮಕ್ಕಳ ಮಟ್ಟಕ್ಕೆ ಇಳಿದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬಹಳ ಸರಳ. ಅಪ್ಪ ಅಮ್ಮನಿಗೆ ಮಕ್ಕಳ ಕಡೆ ಗಮನ ಕೊಡಲು ಸಮಯ ಸಿಕ್ಕಿತ್ತು. ಆತಂಕ ಮತ್ತು ಖಿನ್ನತೆಯ ಲಕ್ಷಣ ಆ ಹಂತದಲ್ಲಿ ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಹಣ ಎಲ್ಲವನ್ನೂ ಸರಿಮಾಡಲಿಲ್ಲ. ಆದರೆ ಯಾವ ಶಾಲೆಯೂ ಯಾವ ಉಪದೇಶವೂ ಮಾಡಲಾಗದ್ದನ್ನು ಮಾಡಿತು.

ಇನ್ನು ಸಾವು ಬದುಕಿನ ಪ್ರಶ್ನೆ. ಇಂಡೊನೇಷ್ಯಾ 2007ರಲ್ಲಿ ಬಡ ಕುಟುಂಬಗಳಿಗೆ ನೇರವಾಗಿ ಹಣ ಕೊಡುವ ಯೋಜನೆ ಶುರು ಮಾಡಿತು. ಎಲ್ಲ ಕಡೆ ಒಟ್ಟಿಗೆ ಬರಲಿಲ್ಲ, ಹಂತ ಹಂತವಾಗಿ ಬಂತು. ಹಾಗಾಗಿ ಬಂದ ಪ್ರದೇಶ, ಬಾರದ ಪ್ರದೇಶ ಹೋಲಿಸಲು ಆಯಿತು. ಹಣ ಬಂದ ಕಡೆ ಆತ್ಮಹತ್ಯೆ ಶೇ 18ರಷ್ಟು ಕಡಿಮೆಯಾಗಿತ್ತು. ಮಳೆ ಕೈಕೊಟ್ಟು ಬೆಳೆ ಹೋದಾಗ ಆಗುವ ಆಘಾತವನ್ನು ಈ ಹಣ ತಗ್ಗಿಸಿತ್ತು. ಅಲ್ಲಿ ಯಾರೂ ಮನೋವೈದ್ಯರನ್ನು ಕಳಿಸಿರಲಿಲ್ಲ.

ಶ್ರೀಮಂತ ದೇಶಗಳಲ್ಲೂ ಇದೇ ಕಥೆ. ಯುರೋಪಿನ 26 ದೇಶಗಳ 1970ರಿಂದ 2007ರವರೆಗಿನ ಅಂಕಿಅಂಶ ನೋಡಿದ ಒಂದು ಅಧ್ಯಯನ 2009ರಲ್ಲಿ ಬಂತು. ನಿರುದ್ಯೋಗ ಶೇ 1ರಷ್ಟು ಏರಿದಾಗ 65 ವರ್ಷದೊಳಗಿನವರ ಆತ್ಮಹತ್ಯೆ ಶೇ 0.79ರಷ್ಟು ಏರುತ್ತಿತ್ತು. ಆದರೆ ಎಲ್ಲ ದೇಶದಲ್ಲೂ ಏರಲಿಲ್ಲ. ಸ್ಪೇನ್‌ನಲ್ಲಿ ನಿರುದ್ಯೋಗ ಏರಿದ ಹಾಗೆ ಆತ್ಮಹತ್ಯೆಯೂ ಏರಿತು. ಸ್ವೀಡನ್‌ನಲ್ಲಿ 1990ರ ದಶಕದ ಮೊದಲಲ್ಲಿ ಬ್ಯಾಂಕುಗಳು ಕುಸಿದು ಒಂದೇ ವರ್ಷದಲ್ಲಿ ನಿರುದ್ಯೋಗ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಆತ್ಮಹತ್ಯೆ ಏರಲಿಲ್ಲ, ಇಳಿಯಿತು. ಕೆಲಸ ಕಳೆದುಕೊಂಡವರಿಗೆ ಹಣ, ತರಬೇತಿ, ಮತ್ತೆ ಕೆಲಸ ಹುಡುಕಿಕೊಡುವ ವ್ಯವಸ್ಥೆ ಅಲ್ಲಿ ಮೊದಲೇ ಗಟ್ಟಿಯಾಗಿತ್ತು. ಆರ್ಥಿಕ ಹೊಡೆತ ಎಲ್ಲರಿಗೂ ಬೀಳುತ್ತದೆ. ಅದು ಮನಸ್ಸಿನವರೆಗೆ ಹೋಗಿ ಮುಟ್ಟಬೇಕೇ ಬೇಡವೇ ಎಂಬುದು ನಾವು ಕಟ್ಟಿದ ವ್ಯವಸ್ಥೆಯ ಕೈಯಲ್ಲಿದೆ.

ಇದ್ದ ಆಸರೆಯನ್ನು ಅಲುಗಾಡಿಸಿದರೆ ಏನಾಗುತ್ತದೆ ಎಂಬುದೂ ಗೊತ್ತಿದೆ. 2010ರಿಂದ 2013ರ ನಡುವೆ ಇಂಗ್ಲೆಂಡಿನಲ್ಲಿ ಅಂಗವೈಕಲ್ಯ ಭತ್ಯೆ ಪಡೆಯುತ್ತಿದ್ದ ಸುಮಾರು 10 ಲಕ್ಷ ಜನರನ್ನು ಮತ್ತೆ ತಪಾಸಣೆ ಮಾಡಿದರು, ಇವರಿಗೆ ದುಡಿಯಲು ಆಗುತ್ತದೋ ಇಲ್ಲವೋ ಎಂದು. ಅಂಕ ಹಾಕುವ ಪದ್ಧತಿ. 15 ಅಂಕ ಬಂದರೆ ಭತ್ಯೆ ಉಳಿಯುತ್ತದೆ. ಕೋಟಿನ ಮೇಲಿನ ಜೇಬಿಗೆ ಏನನ್ನೋ ಇಡುವ ಹಾಗೆ ಕೈ ಎತ್ತಲು ಆಗುತ್ತದೆಯೇ ಎಂಬುದೂ ಅದರಲ್ಲಿ ಒಂದು ಅಂಶ. ಬೆಳಗ್ಗೆ ಹಾಸಿಗೆ ಬಿಟ್ಟು ಏಳಲು ಮನಸ್ಸೇ ಬಾರದವನು ಅಲ್ಲಿ ಕೂತು ಕೈ ಎತ್ತಿ ತೋರಿಸುವುದನ್ನು ಒಮ್ಮೆ ಊಹಿಸಿಕೊಳ್ಳಿ. ಮನಸ್ಸಿಗೆ ಸಂಬಂಧಿಸಿದ ಅಂಶಗಳೂ ಪಟ್ಟಿಯಲ್ಲಿದ್ದವು, ನಿಜ. ಆದರೆ ಸಂಶೋಧಕರು ಆಮೇಲೆ ಲೆಕ್ಕ ಹಾಕಿದಾಗ, ತಪಾಸಣೆ ಜಾಸ್ತಿ ನಡೆದ ಪ್ರದೇಶಗಳಲ್ಲಿ ಮಾನಸಿಕ ತೊಂದರೆಯೂ ಜಾಸ್ತಿಯಾಗಿತ್ತು. ಒಟ್ಟಾರೆ 590 ಹೆಚ್ಚುವರಿ ಆತ್ಮಹತ್ಯೆ ಮತ್ತು ಖಿನ್ನತೆಯ ಮಾತ್ರೆಯ 7 ಲಕ್ಷಕ್ಕೂ ಹೆಚ್ಚು ಹೆಚ್ಚುವರಿ ಚೀಟಿಗಳಿಗೆ ಇದರ ಜೊತೆ ನಂಟು ಕಂಡಿತು. ಭತ್ಯೆಯ ಖರ್ಚು ಉಳಿಸಲು ಹೋದ ಹಣ ಔಷಧಿ ಅಂಗಡಿಯಲ್ಲಿ ಹೋಯಿತು. ಜೀವಗಳೂ ಹೋದವು.

ಇಷ್ಟು ಹೇಳಿದರೆ ಒಂದು ಪ್ರಶ್ನೆ ಖಂಡಿತ ಬರುತ್ತದೆ. ಹಿಂದೆ ಇದನ್ನೆಲ್ಲ ಕುಟುಂಬ ನೋಡಿಕೊಳ್ಳುತ್ತಿರಲಿಲ್ಲವೇ? ನೋಡಿಕೊಳ್ಳುತ್ತಿತ್ತು, ಕೆಲವರನ್ನು. ಎಷ್ಟೋ ಜನರಿಗೆ ಕಾಯಿಲೆ ಬಂದದ್ದೇ ಮನೆಯಿಂದ. ಹೊಡೆಯುವ ಗಂಡನ ಜೊತೆ ಬದುಕುವ ಹೆಂಗಸಿಗೆ ಕುಟುಂಬವೇ ಆಸರೆ ಎಂದು ಹೇಳುವುದಕ್ಕಿಂತ ಕ್ರೂರವಾದ ಮಾತು ಇನ್ನೊಂದಿಲ್ಲ. ಅವಳಿಗೆ ಬೇಕಾದ್ದು ಆ ಮನೆ ಬಿಟ್ಟು ಹೊರಡಲು ಧೈರ್ಯ ಕೊಡುವ ಹಣ, ತನ್ನ ಹೆಸರಿಗೇ ಬರುವ ಹಣ. ಮುದುಕಿಯೊಬ್ಬಳಿಗೆ ತನ್ನದೇ ಪಿಂಚಣಿ ಇದ್ದರೆ ಅದೇ ಮಗ ಸೊಸೆ ಅವಳ ಜೊತೆ ಮಾತಾಡುವ ಧಾಟಿಯೇ ಬೇರೆ. ಆರೈಕೆ ಮಾಡುವವರ ಕಡೆಯಿಂದಲೂ ನೋಡಿ. ಮನೆಯಲ್ಲಿ ಒಬ್ಬರಿಗೆ ತೀವ್ರ ಮಾನಸಿಕ ಕಾಯಿಲೆ ಇದ್ದರೆ ಇನ್ನೊಬ್ಬರು ಕೆಲಸ ಬಿಟ್ಟು ಕೂರಬೇಕಾಗುತ್ತದೆ. ಹೆಚ್ಚಾಗಿ ಅದು ತಾಯಿ ಅಥವಾ ಹೆಂಡತಿ. ಹಾಗೆ ಇನ್ನೊಂದು ಜೀವವೂ ಒಳಗೊಳಗೇ ಸವೆಯುತ್ತದೆ. ಕುಟುಂಬದ ಪ್ರೀತಿ ಉಳಿಯಬೇಕು ಎಂದಿದ್ದರೆ ಅದರ ಮೇಲಿನ ಭಾರ ಇಳಿಸಬೇಕು.

ಹಣ ಕೊಡುವ ರೀತಿಯೂ ಮುಖ್ಯ. ಫಿನ್ಲೆಂಡ್ 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟಿತು. ಅದು ಮಾಮೂಲಿ ನಿರುದ್ಯೋಗ ಭತ್ಯೆಯಷ್ಟೇ. ಒಂದೇ ವ್ಯತ್ಯಾಸ, ಇದಕ್ಕೆ ಷರತ್ತು ಇರಲಿಲ್ಲ. ಕೆಲಸ ಹುಡುಕುತ್ತಿದ್ದೇನೆ ಎಂದು ಸಾಬೀತು ಮಾಡಬೇಕಿರಲಿಲ್ಲ. ಕೆಲಸ ಸಿಕ್ಕಿದರೂ ಹಣ ನಿಲ್ಲುತ್ತಿರಲಿಲ್ಲ. ಜನ ಸೋಮಾರಿಗಳಾಗುತ್ತಾರೆ ಎಂಬ ಭಯ ಸುಳ್ಳಾಯಿತು. ಕೆಲಸದ ದಿನಗಳು ಕಡಿಮೆಯಾಗುವ ಬದಲು ಸ್ವಲ್ಪ ಏರಿದವು. ಹಳೆಯ ಭತ್ಯೆಯಲ್ಲೇ ಇದ್ದವರಿಗಿಂತ ಇವರಲ್ಲಿ ದುಃಖ, ಒತ್ತಡ, ಒಂಟಿತನ ಕಡಿಮೆ ಕಂಡಿತು. ಇತರರ ಮೇಲೆ, ಸರ್ಕಾರದ ಮೇಲೆ ನಂಬಿಕೆ ಜಾಸ್ತಿ ಇತ್ತು. ಅಷ್ಟೇ ಹಣವನ್ನು ಅನುಮಾನದಿಂದ ಕೊಡುವುದಕ್ಕೂ ನಂಬಿಕೆಯಿಂದ ಕೊಡುವುದಕ್ಕೂ ಇಷ್ಟು ಫರಕು ಇದೆ. ಹಾಗಿದ್ದ ಮೇಲೆ ಮಾನಸಿಕ ಆರೋಗ್ಯದ ಬಜೆಟ್ಟನ್ನು ಆಸ್ಪತ್ರೆಯ ಖಾತೆಯಲ್ಲಿ ಮಾತ್ರ ಯಾಕೆ ಹುಡುಕಬೇಕು? ಪಿಂಚಣಿ, ನಿರುದ್ಯೋಗ ಭತ್ಯೆ, ಮಕ್ಕಳ ಭತ್ಯೆಗಳ ಖಾತೆಯಲ್ಲೇ ಅದರ ದೊಡ್ಡ ಪಾಲು ಇರಬೇಕು. ಮೊದಲು ತುಂಬಬೇಕಾದ್ದು ಅದನ್ನೇ.

ವಿರೋಧ: ಹಣ ಬರುತ್ತದೆ, ಕರೆಯುವವರು ಬರುವುದಿಲ್ಲ

ಹಣ ಬೇಡ ಎಂದು ನಾನು ಹೇಳುತ್ತಿಲ್ಲ. ಹಸಿದವನಿಗೆ ಮೊದಲು ಅನ್ನ ಹಾಕಬೇಕು, ಅದರಲ್ಲಿ ಚರ್ಚೆಯೇ ಇಲ್ಲ. ನನ್ನ ತಕರಾರು ಬೇರೆ. ಹಸಿವು ನೀಗಿಸುವುದನ್ನೇ ಮನಸ್ಸಿನ ಮದ್ದು ಎಂದು ಕರೆದು, ನಿಜವಾದ ಮದ್ದನ್ನು ಮುಂದಕ್ಕೆ ಹಾಕುತ್ತಿದ್ದೇವೆ.

ಬಾಂಗ್ಲಾದೇಶದ ರೋಹಿಂಗ್ಯಾ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಒಂದು ಪ್ರಯೋಗದಿಂದ ಶುರು ಮಾಡುತ್ತೇನೆ. ಅಲ್ಲಿನ ಜನ ಮನೆ, ನೆಲ, ಬಂಧುಗಳನ್ನು ಕಳೆದುಕೊಂಡು ಬಂದವರು. ಹೊಟ್ಟೆಗೆ ಪಡಿತರ ಸಿಗುತ್ತದೆ. ಆದರೆ ಅಧಿಕೃತವಾಗಿ ದುಡಿಯಲು ಅವರಿಗೆ ಅವಕಾಶ ಇಲ್ಲ. ದಿನವಿಡೀ ಕಾಯುವುದೇ ಕೆಲಸ. ಸಂಶೋಧಕರು ಇಂಥ 745 ಜನರನ್ನು ಆರಿಸಿ ಗುಂಪು ಮಾಡಿದರು. ಒಂದು ಗುಂಪಿಗೆ ಸುಮಾರು 2 ತಿಂಗಳ ಮಟ್ಟಿಗೆ ಒಂದು ಸಣ್ಣ ಕೆಲಸ, ಸುತ್ತಲಿನ ಚಟುವಟಿಕೆ ಗಮನಿಸಿ ಗುರುತು ಹಾಕಿಕೊಳ್ಳುವುದು. ಅದಕ್ಕೆ ಕೂಲಿ. ಇನ್ನೊಂದು ಗುಂಪಿಗೆ ಅಷ್ಟೇ ಹಣ, ಕೆಲಸ ಇಲ್ಲ. ಮೂರನೆಯ ಗುಂಪಿಗೆ ಇವೆರಡೂ ಇಲ್ಲ.

ಪರದವರು ಹೇಳುವುದು ಪೂರ್ತಿ ನಿಜವಾಗಿದ್ದರೆ ಹಣ ಸಿಕ್ಕ ಎರಡೂ ಗುಂಪು ಒಂದೇ ತರಹ ಸುಧಾರಿಸಬೇಕಿತ್ತು. ಹಾಗಾಗಲಿಲ್ಲ. ಕೆಲಸ ಮಾಡಿದವರ ಮನಸ್ಸಿನ ಸ್ಥಿತಿ ಎದ್ದು ಕಾಣುವಷ್ಟು ಸುಧಾರಿಸಿತು. ಸುಮ್ನೆ ಹಣ ಪಡೆದವರಲ್ಲಿ ಏನೂ ಬದಲಾಗಲಿಲ್ಲ. ಕೊನೆಗೆ ಕೆಲಸ ಮಾಡಿದವರನ್ನು ಕೇಳಿದರು, ಇನ್ನೂ ಸ್ವಲ್ಪ ದಿನ ಕೆಲಸ ಇದೆ, ಕೂಲಿ ಇಲ್ಲ, ಮಾಡುತ್ತೀರಾ? ಶೇ 66 ಜನ ಮಾಡುತ್ತೇವೆ ಎಂದರು. ಇವರು ಶ್ರೀಮಂತರಲ್ಲ, ಬೇಸರ ಕಳೆಯಲು ಹೊರಟವರಲ್ಲ. ಭೂಮಿಯ ಮೇಲೆ ಅತ್ಯಂತ ಕಡಿಮೆ ಆಸ್ತಿ ಇರುವ ಜನ. ಅವರೇ ಹಣ ಬಿಟ್ಟು ಕೆಲಸ ಆರಿಸಿಕೊಂಡರು. ನಾನು ಯಾರಿಗೋ ಬೇಕು, ನಾಳೆ ಬೆಳಗ್ಗೆ ನಾನು ಹೋಗದಿದ್ದರೆ ಏನೋ ಒಂದು ನಿಲ್ಲುತ್ತದೆ. ಈ ಭಾವನೆಯನ್ನು ಯಾವ ಭತ್ಯೆಯೂ ಕೊಡುವುದಿಲ್ಲ.

ಇದು ಹೊಸ ವಿಷಯವೇನಲ್ಲ. ಆಸ್ಟ್ರಿಯಾದಲ್ಲಿ ಮರೀಂಥಾಲ್ ಎಂಬ ಹಳ್ಳಿ. ಇಡೀ ಹಳ್ಳಿ ಒಂದೇ ಜವಳಿ ಕಾರ್ಖಾನೆಯನ್ನು ನಂಬಿಕೊಂಡಿತ್ತು. 1930ರ ಹೊತ್ತಿಗೆ ಕಾರ್ಖಾನೆ ಪೂರ್ತಿ ಮುಚ್ಚಿತು. ಹೆಚ್ಚಿನ ಕುಟುಂಬಗಳು ನಿರುದ್ಯೋಗ ಭತ್ಯೆಯ ಮೇಲೆ ಬದುಕಬೇಕಾಯಿತು. ಮರೀ ಯಹೋಡಾ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು ಅಲ್ಲಿಗೆ ಹೋಗಿ ನೋಡಿದರು. ಸಮಯ ಬೇಕಾದಷ್ಟಿತ್ತು, ಆದರೆ ಗ್ರಂಥಾಲಯದಿಂದ ಪುಸ್ತಕ ತೆಗೆದುಕೊಂಡು ಹೋಗುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಹಳ್ಳಿಯ ಬೀದಿಯಲ್ಲಿ ಗಂಡಸರ ನಡಿಗೆಯ ವೇಗವನ್ನು ಅಳೆದರು. ನಿಧಾನ ನಡೆಯುತ್ತಿದ್ದರು, ನಡುನಡುವೆ ನಿಂತುಬಿಡುತ್ತಿದ್ದರು. ಹೆಂಗಸರು ಬೇಗ ಬೇಗ ನಡೆಯುತ್ತಿದ್ದರು. ಅವರಿಗೆ ಮನೆಯಲ್ಲಿ ಕೆಲಸ ಕಾಯುತ್ತಿತ್ತು. ಆ ಭತ್ಯೆ ಬಹಳ ಕಡಿಮೆ ಇತ್ತು, ಅದಕ್ಕೇ ಹೀಗಾಯಿತು ಎಂದು ಪರದವರು ಹೇಳಬಹುದು. ಆದರೆ ಬಡತನ ಗಂಡಸರಿಗೂ ಹೆಂಗಸರಿಗೂ ಒಂದೇ ಇತ್ತಲ್ಲ? ನಡಿಗೆ ಯಾಕೆ ಬೇರೆಯಾಯಿತು?

ಜರ್ಮನಿಯ ಒಂದು ಅಧ್ಯಯನವೂ ಇದನ್ನೇ ಇನ್ನೊಂದು ದಾರಿಯಿಂದ ತೋರಿಸಿತು. ಬಹಳ ಕಾಲ ನಿರುದ್ಯೋಗಿಯಾಗಿದ್ದವರು ನಿವೃತ್ತಿಯ ವಯಸ್ಸು ಮುಟ್ಟಿದ ಕೂಡಲೇ ಅವರ ಬದುಕಿನ ತೃಪ್ತಿ ಏರುತ್ತದೆ. ದಿನಚರಿ ಬದಲಾಗಿಲ್ಲ. ನಿನ್ನೆಯೂ ಮನೆಯಲ್ಲೇ ಇದ್ದರು, ಇವತ್ತೂ ಮನೆಯಲ್ಲೇ. ಬದಲಾದದ್ದು ಒಂದೇ, ನಿನ್ನೆ ಕೆಲಸವಿಲ್ಲದವನು, ಇವತ್ತು ನಿವೃತ್ತ. ಸಮಾಜ ನೋಡುವ ಕಣ್ಣು ಬದಲಾಯಿತು, ಮನಸ್ಸು ಎದ್ದಿತು. ಸರ್ಕಾರ ಎಷ್ಟು ಹಣ ಕೊಡುತ್ತದೆ ಎಂಬುದರಷ್ಟೇ, ಅಕ್ಕಪಕ್ಕದವರು ನನ್ನನ್ನು ಏನೆಂದು ಕರೆಯುತ್ತಾರೆ ಎಂಬುದೂ ಒಳಗೆ ಕೊರೆಯುತ್ತದೆ.

ಹಣದ ಪರಿಣಾಮ ಎಷ್ಟು ದಿನ ನಿಲ್ಲುತ್ತದೆ ಎಂದೂ ಕೇಳಬೇಕು. ಅಮೆರಿಕದ ಟೆಕ್ಸಸ್ ಮತ್ತು ಇಲಿನಾಯ್ ರಾಜ್ಯಗಳಲ್ಲಿ 2020ರಿಂದ 3 ವರ್ಷ, ಕಡಿಮೆ ಆದಾಯದ 1,000 ಜನರಿಗೆ ತಿಂಗಳಿಗೆ 1,000 ಡಾಲರ್ ಕೊಟ್ಟರು. ಷರತ್ತೇನೂ ಇಲ್ಲ. ಮೊದಲ ವರ್ಷ ಒತ್ತಡ ಇಳಿಯಿತು, ಮನಸ್ಸು ಹಗುರಾಯಿತು. ಎರಡನೇ ವರ್ಷದ ಹೊತ್ತಿಗೆ ಆ ಲಾಭ ಮಾಯ. ಹಣ ಬರುತ್ತಲೇ ಇತ್ತು. ಮನಸ್ಸು ಮತ್ತೆ ಹಳೆಯ ಜಾಗಕ್ಕೆ ಬಂದಿತ್ತು. ಫಿನ್ಲೆಂಡಿನ ಪ್ರಯೋಗವನ್ನು ಎತ್ತಿ ಹೇಳುವವರು ಅದರ ಸಮೀಕ್ಷೆಗೆ ಉತ್ತರ ಕೊಟ್ಟವರು ಕಡಿಮೆ ಎಂಬುದನ್ನೂ ಹೇಳಬೇಕು. ಹಣ ಪಡೆದವರಲ್ಲಿ ಶೇ 31, ಪಡೆಯದವರಲ್ಲಿ ಶೇ 20 ಮಾತ್ರ.

ಫಿನ್ಲೆಂಡಿನ ಮಾತು ಬಂತಲ್ಲ, ಅಲ್ಲಿನ ಇನ್ನೊಂದು ಕಥೆ ನನಗೆ ಹೆಚ್ಚು ಮುಖ್ಯ. 1990ರಲ್ಲಿ ಅಲ್ಲಿ ಲಕ್ಷಕ್ಕೆ ಸುಮಾರು 30 ಜನ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದರು. ಜಗತ್ತಿನಲ್ಲೇ ಅತಿ ಹೆಚ್ಚು ಇದ್ದ ದೇಶಗಳಲ್ಲಿ ಒಂದು. ಆಗ ಪಿಂಚಣಿ ಇರಲಿಲ್ಲವೇ? ಆಸ್ಪತ್ರೆ ಇರಲಿಲ್ಲವೇ? ಎಲ್ಲ ಇತ್ತು. ಆದರೂ ಜನ ಸಾಯುತ್ತಿದ್ದರು. ಆ ದೇಶ 1986ರಲ್ಲೇ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿತ್ತು. 1987ರ ಏಪ್ರಿಲ್‌ನಿಂದ ಒಂದು ವರ್ಷದಲ್ಲಿ ನಡೆದ 1,397 ಆತ್ಮಹತ್ಯೆಗಳನ್ನೂ ಒಂದೊಂದಾಗಿ ಪರಿಶೀಲಿಸಿದರು. ಮನೆಯವರನ್ನು ಮಾತಾಡಿಸಿದರು, ಕೊನೆಗೆ ಚಿಕಿತ್ಸೆ ಕೊಟ್ಟವರನ್ನು ಕೇಳಿದರು. ಖಿನ್ನತೆ ಇದ್ದವರಲ್ಲಿ ಬಹಳ ಜನರಿಗೆ ಸರಿಯಾದ ಚಿಕಿತ್ಸೆ ಸಿಕ್ಕಿರಲಿಲ್ಲ. ಆಮೇಲೆ ವೈದ್ಯರು, ಶಾಲೆ, ಸೈನ್ಯ, ಚರ್ಚು ಎಲ್ಲರನ್ನೂ ಇದರಲ್ಲಿ ತೊಡಗಿಸಿದರು. ಮುಂದಿನ ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಬೇರೆ ಕಾರಣಗಳೂ ಇರಬಹುದು, ಒಪ್ಪುತ್ತೇನೆ. ಆದರೆ ಭದ್ರತೆಯ ವ್ಯವಸ್ಥೆ ಇದ್ದೂ ಸಾವು ನಿಲ್ಲದೆ ಇದ್ದಾಗ ಅವರು ಮಾಡಿದ್ದು ಭತ್ಯೆ ಏರಿಸುವ ಕೆಲಸವಲ್ಲ. ಯಾರು ಕುಸಿಯುತ್ತಿದ್ದಾರೆ ಎಂದು ಗುರುತಿಸುವ ಕಣ್ಣುಗಳನ್ನು ಬೆಳೆಸುವ ಕೆಲಸ.

ಇಂಗ್ಲೆಂಡಿನ ತಪಾಸಣೆಯ ಕಥೆಯನ್ನು ಪರದವರು ತಮ್ಮ ಪುರಾವೆ ಎನ್ನುತ್ತಾರೆ. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಅಷ್ಟು ಹಿಂಸೆ ಕೊಟ್ಟದ್ದು ಭದ್ರತೆಯ ವ್ಯವಸ್ಥೆಯೇ ಅಲ್ಲವೇ? ಸರ್ಕಾರ ಹಣ ಕೊಡುವ ಕಡೆ ಫಾರ್ಮು ಇರುತ್ತದೆ, ಸಾಲು ಇರುತ್ತದೆ, ಸಂಶಯ ಇರುತ್ತದೆ. ಇವತ್ತು ಉದಾರವಾಗಿರುವ ಸರ್ಕಾರ ನಾಳೆ ಖರ್ಚು ಕಡಿತಕ್ಕೆ ಇಳಿಯುತ್ತದೆ. ಆಗ ಮೊದಲು ಬೀಳುವುದು ಬೇರೆ ಯಾವ ಆಸರೆಯೂ ಇಲ್ಲದವನು. ಇನ್ನೂ ಕೆಟ್ಟ ವಿಷಯ, ಭತ್ಯೆ ಉಳಿಸಿಕೊಳ್ಳಲು ತಾನು ಕಾಯಿಲೆಯವನು ಎಂದು ಮತ್ತೆ ಮತ್ತೆ ಸಾಬೀತು ಮಾಡಬೇಕು. ಸುಧಾರಿಸಿದರೆ ಹಣ ಹೋಗುತ್ತದೆ. ಇಂಥ ಏರ್ಪಾಡಿನಲ್ಲಿ ಗುಣವಾಗಲು ಯಾರಿಗೆ ಧೈರ್ಯ ಬರುತ್ತದೆ? ಒಇಸಿಡಿ ಗುಂಪಿನ ಶ್ರೀಮಂತ ದೇಶಗಳಲ್ಲಿ ಹೊಸದಾಗಿ ಅಂಗವೈಕಲ್ಯ ಭತ್ಯೆಗೆ ಸೇರುವವರಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಜನ ಬರುವುದು ಮಾನಸಿಕ ಕಾಯಿಲೆಯ ಕಾರಣಕ್ಕೆ. ಒಳಗೆ ಹೋದವರಲ್ಲಿ ಮತ್ತೆ ಕೆಲಸಕ್ಕೆ ಬರುವವರು ಬಹಳ ಕಡಿಮೆ. ಅವರಿಗೆ ಹಣ ಸಿಕ್ಕಿತು, ಜೊತೆಗಾರರು ಹೋದರು.

ಹಾಗಾದರೆ ಮೊದಲ ಮದ್ದು ಯಾವುದು? ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ ಒಂದು ಕೆಲಸ ಶುರು ಮಾಡಿದರು. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಸರ್ಕಾರದ ಹತ್ತಿರ ಹಂಚಲು ಹಣ ಇಲ್ಲ. ಅವರು ಬಡಾವಣೆಯ ಅಜ್ಜಿಯರಿಗೆ ತರಬೇತಿ ಕೊಟ್ಟರು. ಕ್ಲಿನಿಕ್ಕಿನ ಅಂಗಳದಲ್ಲಿ ಒಂದು ಮರದ ಬೆಂಚು. ಅಜ್ಜಿ ಅದರ ಮೇಲೆ ಪಕ್ಕದಲ್ಲಿ ಕೂರುತ್ತಾರೆ, ಎದುರಲ್ಲಿ ಅಲ್ಲ. ಬಂದವರ ತೊಂದರೆಗಳನ್ನು ಕೇಳುತ್ತಾರೆ, ಅದರಲ್ಲಿ ಒಂದನ್ನು ಆರಿಸಿ ಮೊದಲು ಇದಕ್ಕೆ ಏನು ಮಾಡೋಣ ಎನ್ನುತ್ತಾರೆ. ಹಣ ಕೊಡುವುದಿಲ್ಲ. 573 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. 6 ತಿಂಗಳ ನಂತರ, ಬೆಂಚಿಗೆ ಬಂದವರಲ್ಲಿ ಖಿನ್ನತೆಯ ಲಕ್ಷಣ ಉಳಿದದ್ದು ಸುಮಾರು ಶೇ 14 ಜನರಲ್ಲಿ. ಮಾಮೂಲಿ ಚಿಕಿತ್ಸೆಯವರಲ್ಲಿ ಅದು ಶೇ 50. ಬಂದವರು ಬಡವರು, ಹಲವರಿಗೆ ಎಚ್‌ಐವಿ ಸೋಂಕು. ಬೆಂಚಿಗೆ ಬಂದ ಮೇಲೂ ಬಡವರೇ. ಮಾತುಕತೆ ಮುಗಿದ ಮೇಲೆ ಅವರೆಲ್ಲ ಒಟ್ಟಿಗೆ ಸೇರಿ, ಬಿಸಾಡಿದ ಪ್ಲಾಸ್ಟಿಕ್ಕಿನಿಂದ ಚೀಲ ಹೆಣೆಯುವ ಗುಂಪು ಕಟ್ಟಿಕೊಂಡರು. ಇಲ್ಲೂ ನೋಡಿ, ಮತ್ತೆ ಕೆಲಸ ಮತ್ತು ಸಂಗಡ.

ಬೆಲ್ಜಿಯಂನ ಖೇಲ್ ಎಂಬ ಊರು ಇದನ್ನು ಶತಮಾನಗಳಿಂದ ಮಾಡುತ್ತಿದೆ. 13ನೇ ಶತಮಾನದಿಂದ ಅಲ್ಲಿನ ಕುಟುಂಬಗಳು ಮಾನಸಿಕ ಕಾಯಿಲೆಯವರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾ ಬಂದಿವೆ. ಡಿಂಫ್ನಾ ಎಂಬ ಸಂತಳ ಚರ್ಚಿಗೆ ಗುಣವಾಗಲೆಂದು ಬಂದವರು ಊರಿನವರ ಮನೆಗಳಲ್ಲೇ ಉಳಿದರು. 1930ರ ದಶಕದ ಕೊನೆಯಲ್ಲಿ ಇಂಥವರು 3,500ಕ್ಕೂ ಜಾಸ್ತಿ ಇದ್ದರು. ಅವರನ್ನು ರೋಗಿ ಎನ್ನುತ್ತಿರಲಿಲ್ಲ, ಮನೆಯಲ್ಲಿ ಉಳಿದವರು ಎನ್ನುತ್ತಿದ್ದರು. ಹೊಲಕ್ಕೆ ಹೋಗುವವರ ಜೊತೆ ಹೊಲಕ್ಕೆ ಹೋಗುತ್ತಿದ್ದರು, ಮಕ್ಕಳ ಜೊತೆ ಊಟಕ್ಕೆ ಕೂರುತ್ತಿದ್ದರು. ಒಬ್ಬರು ಇದ್ದಕ್ಕಿದ್ದಂತೆ ಕೂಗಾಡಿದರೂ ಊರಿಗೆ ಅದು ಗಾಬರಿಯ ವಿಷಯವಾಗಿರಲಿಲ್ಲ. ಎಷ್ಟೋ ಜನ ಒಂದೇ ಮನೆಯಲ್ಲಿ ದಶಕಗಟ್ಟಲೆ ಇದ್ದು, ಮನೆಯೊಡೆಯರು ತೀರಿಕೊಂಡ ಮೇಲೆ ಅವರ ಮಕ್ಕಳ ಜೊತೆ ಉಳಿದರು.

ಇದಕ್ಕೆ ಪರದವರ ಉತ್ತರ ನನಗೆ ಗೊತ್ತು. ಖೇಲ್‌ನ ಕುಟುಂಬಗಳಿಗೆ ಸರ್ಕಾರ ಹಣ ಕೊಡುತ್ತದೆ, ಬೆನ್ನಿಗೆ ಆಸ್ಪತ್ರೆಯೂ ಇದೆ. ನಿಜ. ಆದರೆ ಆ ಹಣ ಹೋಗುವುದು ಒಬ್ಬ ಮನುಷ್ಯ ಇನ್ನೊಬ್ಬನ ಜೊತೆ ಇರಲಿ ಎಂದು. ಒಂಟಿ ಕೋಣೆಯ ಬಾಡಿಗೆ ಕಟ್ಟಿ ಬಾಗಿಲು ಹಾಕಿಕೊಳ್ಳಲಿ ಎಂದಲ್ಲ. ಹೊಡೆಯುವ ಗಂಡನ ಉದಾಹರಣೆಯನ್ನೂ ಒಪ್ಪುತ್ತೇನೆ. ಆ ಹೆಂಗಸು ಹೊರಗೆ ಬರಬೇಕು, ಅವಳ ಕೈಯಲ್ಲಿ ಹಣ ಇರಬೇಕು. ಹೊರಗೆ ಬಂದ ಮೊದಲ ರಾತ್ರಿ ಅವಳು ಯಾರ ಮನೆಗೆ ಹೋಗುತ್ತಾಳೆ ಎಂದು ಮಾತ್ರ ಪರದವರು ಹೇಳುವುದಿಲ್ಲ.

ಖೇಲ್‌ನಲ್ಲೂ ಈಗ ಇಂಥವರ ಸಂಖ್ಯೆ ಬಹಳ ಇಳಿದಿದೆ. ಗಂಡ ಹೆಂಡತಿ ಇಬ್ಬರೂ ಹೊರಗೆ ದುಡಿಯುವ ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ. ಒಡನಾಟ ಕಡಿಮೆಯಾಗುತ್ತಿರುವುದು ಒಂದು ಊರಿನ ಕಥೆಯಲ್ಲ. ಒಂಟಿತನಕ್ಕೂ ವರ್ಷಕ್ಕೆ 8 ಲಕ್ಷಕ್ಕಿಂತ ಜಾಸ್ತಿ ಸಾವುಗಳಿಗೂ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಅಂದಾಜು ಮಾಡಿತು. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಇದರ ಹೊಣೆಯನ್ನು ಒಬ್ಬ ಮಂತ್ರಿಗೆ ವಹಿಸಿದವು. ಎರಡೂ ದೇಶದಲ್ಲಿ ಪಿಂಚಣಿ ಇದೆ, ಆರೋಗ್ಯ ವ್ಯವಸ್ಥೆ ಇದೆ. ಹಾಗಾಗಿ ಸರ್ಕಾರದ ಹತ್ತಿರ ಹೊಸದಾಗಿ ಖರ್ಚು ಮಾಡಲು ಹಣ ಇದ್ದರೆ, ಮೊದಲ ಕಂತು ಮನುಷ್ಯರ ಸಂಬಳಕ್ಕೆ ಹೋಗಲಿ. ತರಬೇತಿ ಪಡೆದ ಅಜ್ಜಿಯರಿಗೆ, ಮನೆ ಮನೆಗೆ ಹೋಗಿ ಮಾತಾಡಿಸುವವರಿಗೆ, ಕಾಯಿಲೆಯಿಂದ ಎದ್ದವನಿಗೆ ದಿನಕ್ಕೆ 2 ಗಂಟೆಯಾದರೂ ಕೆಲಸ ಕೊಡುವ ಸಣ್ಣ ಸಣ್ಣ ಸಂಸ್ಥೆಗಳಿಗೆ. ಆ 2 ಗಂಟೆ ದುಡಿದದ್ದಕ್ಕೆ ಅವನ ಭತ್ಯೆ ಕಡಿತವಾಗಬಾರದು ಎಂಬ ನಿಯಮವೂ ಅದರ ಜೊತೆಗೇ ಬರಲಿ.